ನ್ಯಾಯಸೂತ್ರದ ‘ಛಲ’ ಅಂದ್ರೆ ಹಟ ಅಲ್ಲ

ಮುಂಬೈ, ಡೊಂಬಿವಲಿ ಕಡೆಯ ನಮ್ಮ ಕನ್ನಡ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡ್ತಿದೆ: ‘ವಾದದಲ್ಲಿ ಗೆಲ್ಲಲು ಛಲ ಬೇಕು ಅಂತ ಗೌತಮರ ನ್ಯಾಯಸೂತ್ರವೇ ಹೇಳಿದೆ. ಛಲ ಬಿಡಬೇಡಿ!’ ಇದು ತಪ್ಪು.

ಕನ್ನಡದಲ್ಲಿ ಛಲ ಅಂದರೆ ಹಟ, ಪಟ್ಟು. ಸರಿ. ಆದರೆ ತರ್ಕದ ಬಗೆಗಿನ ಹಳೆಯ ಸಂಸ್ಕೃತ ಗ್ರಂಥವಾದ ನ್ಯಾಯಸೂತ್ರದಲ್ಲಿ ಅದು ಮೋಸದ ವಾದದ ಹೆಸರು. ಮೊದಲ ಸೂತ್ರ ಪಟ್ಟಿ ಮಾಡುವ 16 ಪದಾರ್ಥಗಳಲ್ಲಿ (ಅಂದರೆ ಗ್ರಂಥ ಚರ್ಚಿಸುವ ವಿಷಯಗಳಲ್ಲಿ) ಇದು 14ನೆಯದು. ಮೊದಲ ಅಧ್ಯಾಯದಲ್ಲೇ ವಿವರಣೆಯೂ ಇದೆ: ಎದುರಿನವರ ಮಾತಿಗೆ ಅವರು ಉದ್ದೇಶಿಸದ ಅರ್ಥ ಹಚ್ಚಿ, ಆ ಮಾತನ್ನು ಬೀಳಿಸುವುದು.

ಭಾಷ್ಯ ಬರೆದ ವಾತ್ಸ್ಯಾಯನರ ಉದಾಹರಣೆ ಚೆನ್ನಾಗಿದೆ. ಹುಡುಗ ‘ನವಕಂಬಲ’ ಹೊದ್ದಿದ್ದಾನೆ ಅಂತ ಒಬ್ಬ ಹೇಳುತ್ತಾನೆ, ಅಂದರೆ ಹೊಸ ಕಂಬಳಿ. ಇನ್ನೊಬ್ಬ ‘ನವ’ ಅನ್ನೋದನ್ನ ಒಂಬತ್ತು ಅಂತ ಹಿಡಿದು, ‘ಎಲ್ಲಿದೆ ಒಂಬತ್ತು? ಇರೋದು ಒಂದೇ’ ಅನ್ನುತ್ತಾನೆ. ದಾದರ್‌ನಲ್ಲಿ ಲೋಕಲ್ ಬಂದಾಗ ಗೆಳೆಯ ‘ಬೇಗ ಹತ್ತು’ ಅಂದರೆ ‘ಹನ್ನೊಂದು’ ಅಂತ ನಿಂತ ಹಾಗೆ! ತಮಾಷೆಗಾದರೆ ಪರವಾಗಿಲ್ಲ. ಗಂಭೀರ ಚರ್ಚೆಯಲ್ಲಿ ಮಾಡಿದರೆ ಛಲ.

ಛಲದಲ್ಲಿ ಮೂರು ಬಗೆ: ವಾಕ್‌ಛಲ (ಮೇಲಿನ ಕಂಬಳಿಯ ಹಾಗೆ ಪದದ ಬೇರೆ ಅರ್ಥ ಹಿಡಿಯುವುದು), ಸಾಮಾನ್ಯಛಲ (ಮಾತನ್ನು ಅತಿಯಾಗಿ ಹಿಗ್ಗಿಸುವುದು), ಉಪಚಾರಛಲ (ಅಲಂಕಾರದ ಮಾತನ್ನು ಅಕ್ಷರಶಃ ಹಿಡಿಯುವುದು). ಸತ್ಯ ಹುಡುಕುವ ‘ವಾದ’ದ ಲಕ್ಷಣದಲ್ಲಿ ಛಲ ಇಲ್ಲ. ಗೆಲುವಿಗಾಗಿ ನಡೆಯುವ ‘ಜಲ್ಪ’ದ ಲಕ್ಷಣದಲ್ಲಿ ಇದೆ. ಮರಾಠಿಯಲ್ಲಂತೂ ‘ಛಳ’ ಅಂದರೆ ಕಿರುಕುಳ, ಇಲ್ಲಿನವರಿಗೆ ಗೊತ್ತಿರೋದೇ ಅಲ್ವಾ.

ಮೆಸೇಜ್ ಕಳಿಸಿದವರಿಗೆ ಕೆಟ್ಟ ಉದ್ದೇಶವೇನೂ ಇರಲಿಕ್ಕಿಲ್ಲ. ದಯವಿಟ್ಟು ಮುಂದೆ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದರ ಕೆಳಗೇ ಈ ಸ್ಪಷ್ಟನೆ ಹಾಕಿಬಿಡಿ.