ಚಿಕಾಗೋದ ಪ್ರಾವಿಡೆಂಟ್ ಆಸ್ಪತ್ರೆಯನ್ನು ಮುಚ್ಚಲು ಬಿಡಬಾರದಿತ್ತು

ಚಿಕಾಗೋದ ಪ್ರಾವಿಡೆಂಟ್ ಆಸ್ಪತ್ರೆಯ ಮಾತು ಬಂದರೆ ಸಾಕು, ‘ಜಗತ್ತಿನ ಮೊದಲ ಹೃದಯದ ಆಪರೇಷನ್ ಆಗಿದ್ದು ಅಲ್ಲೇ ಅಲ್ವಾ’ ಅಂತ ಕೇಳುವವರು ತುಂಬ ಜನ. ಆ ಆಪರೇಷನ್ ನಿಜಕ್ಕೂ ದೊಡ್ಡದು, ಅದರ ಬಗ್ಗೆ ಮುಂದೆ ಬರೆಯುತ್ತೇನೆ. ಆದರೆ ನನಗೆ ಅದಕ್ಕಿಂತ ಜಾಸ್ತಿ ಕಾಡುವುದು ಬೇರೆ ಸಂಗತಿ. ಕಪ್ಪು ಜನ ತಾವೇ ದುಡ್ಡು ಕೂಡಿಸಿ ಕಟ್ಟಿಕೊಂಡಿದ್ದ ಆಸ್ಪತ್ರೆ ಅದು. ತೊಂಬತ್ತಾರು ವರ್ಷ ನಡೆದು 1987ರಲ್ಲಿ ಬಾಗಿಲು ಹಾಕಿತು. ಅದನ್ನು ಹಾಗೆ ಬಿಟ್ಟಿದ್ದು ತಪ್ಪು ಅಂತಲೇ ನಾನು ನಂಬುತ್ತೇನೆ.

ಇದೆಲ್ಲ ಶುರುವಾಗಿದ್ದು ಒಬ್ಬ ಹೆಣ್ಣುಮಗಳಿಗೆ ಸೀಟು ಸಿಗದೇ ಇದ್ದದ್ದರಿಂದ. 1889ರಲ್ಲಿ ಎಮ್ಮಾ ರೆನಾಲ್ಡ್ಸ್ ಚಿಕಾಗೋದಲ್ಲಿ ನರ್ಸಿಂಗ್ ಕಲಿಯಲು ಹೊರಟರು. ಕಪ್ಪು ಹುಡುಗಿ ಅನ್ನುವ ಒಂದೇ ಕಾರಣಕ್ಕೆ ನರ್ಸಿಂಗ್ ಶಾಲೆಗಳು ಅವರನ್ನು ಸೇರಿಸಿಕೊಳ್ಳಲಿಲ್ಲ. ಅವರ ಸೋದರ ಲೂಯಿಸ್ ರೆನಾಲ್ಡ್ಸ್ ಚರ್ಚಿನಲ್ಲಿ ಪಾದ್ರಿ. ಏನಾದರೂ ಸಹಾಯ ಮಾಡಿ ಅಂತ ಅವರು ಡಾ. ಡೇನಿಯಲ್ ಹೇಲ್ ವಿಲಿಯಮ್ಸ್ ಹತ್ತಿರ ಹೋದರು.

ವಿಲಿಯಮ್ಸ್ ಅವರದ್ದೂ ಹೆಚ್ಚುಕಮ್ಮಿ ಅದೇ ಪಾಡು. ಆಗ ಊರಿನಲ್ಲಿದ್ದ ಬೆರಳೆಣಿಕೆಯ ಕಪ್ಪು ಡಾಕ್ಟರುಗಳಿಗೆ ಆಸ್ಪತ್ರೆಗಳಲ್ಲಿ ಜಾಗ ಇರಲಿಲ್ಲ. ರೋಗಿಯ ಮನೆಗೇ ಹೋಗಿ, ಅಡುಗೆಮನೆಯ ಮೇಜನ್ನು ತೊಳೆದು, ಅಲ್ಲೇ ಆಪರೇಷನ್ ಮಾಡಬೇಕಾಗಿತ್ತು. ಒಂದು ಸೀಟಿಗಾಗಿ ಯಾರ ಮುಂದೆಯೋ ಕೈಕಟ್ಟಿ ನಿಲ್ಲುವ ಬದಲು ನಮ್ಮದೇ ಆಸ್ಪತ್ರೆ, ಅದರಲ್ಲೇ ನರ್ಸಿಂಗ್ ಶಾಲೆ ಮಾಡೋಣ ಅಂತ ಅವರು ತೀರ್ಮಾನಿಸಿದರು. ನನಗೆ ಈ ಇಡೀ ಕಥೆಯಲ್ಲಿ ಅತಿ ದೊಡ್ಡ ಧೈರ್ಯ ಕಾಣುವುದು ಇಲ್ಲೇ.

ಚರ್ಚುಗಳಲ್ಲಿ ಸಭೆ ಸೇರಿ ಚಂದಾ ಎತ್ತಿದರು. ಕೂಲಿ ಮಾಡುವವರು, ಮನೆಗೆಲಸದವರು ಕೈಲಾದಷ್ಟು ಕೊಟ್ಟರು. ದುಡ್ಡು ಇಲ್ಲದವರು ಹಾಸಿಗೆ ಬಟ್ಟೆ, ದಿನಸಿ ತಂದುಕೊಟ್ಟರು. ಮಾಂಸದ ವ್ಯಾಪಾರದಲ್ಲಿ ದೊಡ್ಡ ಹೆಸರಾಗಿದ್ದ ಫಿಲಿಪ್ ಆರ್ಮರ್, ರೈಲು ಬೋಗಿ ಕಾರ್ಖಾನೆಯ ಜಾರ್ಜ್ ಪುಲ್‌ಮನ್ ಅವರಂಥ ಶ್ರೀಮಂತರಿಂದಲೂ ನೆರವು ಬಂತು. 1891ರಲ್ಲಿ ಡಿಯರ್‌ಬಾರ್ನ್ ಬೀದಿಯ ಒಂದು ಮನೆಯಲ್ಲಿ ಹನ್ನೆರಡು ಹಾಸಿಗೆಗಳೊಂದಿಗೆ ಆಸ್ಪತ್ರೆ ಶುರುವಾಯಿತು. ಅಲ್ಲಿ ಕಪ್ಪು ಡಾಕ್ಟರುಗಳೂ ಇದ್ದರು, ಬಿಳಿಯ ಡಾಕ್ಟರುಗಳೂ ಇದ್ದರು. ಬಂದ ರೋಗಿಯ ಬಣ್ಣ ನೋಡಿ ಯಾರನ್ನೂ ವಾಪಸ್ ಕಳಿಸಲಿಲ್ಲ. ತಮ್ಮನ್ನು ಹೊರಗಿಟ್ಟವರಿಗೆ ಅವರು ಹಾಗೆ ತಿರುಗಿ ಮಾಡಲಿಲ್ಲ, ಗಮನಿಸಿ.

ಎಮ್ಮಾ ಅಲ್ಲಿನ ಮೊದಲ ತಂಡದಲ್ಲೇ ನರ್ಸಿಂಗ್ ಮುಗಿಸಿದರು. ಅಷ್ಟಕ್ಕೇ ನಿಲ್ಲದೆ ಮೆಡಿಕಲ್ ಓದಿ 1895ರಲ್ಲಿ ಡಾಕ್ಟರೇ ಆದರು.

ಇನ್ನು ಆ ಆಪರೇಷನ್. 1893ರ ಜುಲೈ. ಜೇಮ್ಸ್ ಕಾರ್ನಿಶ್ ಎಂಬ ಯುವಕನಿಗೆ ಜಗಳದಲ್ಲಿ ಎದೆಗೆ ಚಾಕು ಬಿದ್ದಿತ್ತು. ಮೊದಲು ಗಾಯ ಅಂಥ ಆಳದ್ದು ಅನ್ನಿಸಿರಲಿಲ್ಲ. ರಾತ್ರಿ ಕಳೆಯುವುದರೊಳಗೆ ನೋವು ಜಾಸ್ತಿಯಾಯಿತು, ಕೆಮ್ಮು ಬಂತು, ನಾಡಿ ಕುಸಿಯತೊಡಗಿತು. ಒಳಗೆ ಏನಾಗಿದೆ ಅಂತ ನೋಡಲು ಎಕ್ಸ್‌ರೇ ಇಲ್ಲ, ಅದು ಬಂದಿದ್ದೇ 1895ರಲ್ಲಿ. ರಕ್ತ ಕೊಡುವ ವ್ಯವಸ್ಥೆ ಇಲ್ಲ. ಆಂಟಿಬಯೋಟಿಕ್ ಅಂತೂ ಎಷ್ಟೋ ದಶಕ ದೂರ. ವಿಲಿಯಮ್ಸ್ ಎದೆ ತೆರೆದರು. ಎದೆಗೂಡಿನ ಒಳಗಿನ ಒಂದು ರಕ್ತನಾಳ ಕತ್ತರಿಸಿತ್ತು, ಅದನ್ನು ಕಟ್ಟಿದರು. ಹೃದಯವನ್ನು ಸುತ್ತಿರುವ ಪೆರಿಕಾರ್ಡಿಯಂ ಪೊರೆ ಇಂಚಿನಷ್ಟು ಸೀಳಿತ್ತು. ಹೃದಯ ಬಡಿಯುತ್ತಲೇ ಇದೆ, ಪ್ರತಿ ಬಡಿತಕ್ಕೂ ಪೊರೆ ಅಲುಗುತ್ತಿದೆ. ಅದನ್ನು ಇಕ್ಕಳದಿಂದ ಹಿಡಿದು ಕ್ಯಾಟ್‌ಗಟ್ ದಾರದಲ್ಲಿ ಹೊಲಿದರು. ಹೃದಯಕ್ಕೂ ಸಣ್ಣ ಗಾಯವಾಗಿತ್ತು, ಅದಕ್ಕೆ ಹೊಲಿಗೆ ಬೇಡ ಅಂತ ಬಿಟ್ಟರು. ಕಾರ್ನಿಶ್ 51 ದಿನದ ಮೇಲೆ ಮನೆಗೆ ಹೋದ. ಆಮೇಲೆ ಇಪ್ಪತ್ತು ವರ್ಷ ಬದುಕಿದ.

ಇದು ‘ಮೊದಲನೆಯದು’ ಅನ್ನುವ ಮಾತು ಪೂರ್ತಿ ಸರಿಯಲ್ಲ. 1891ರಲ್ಲೇ ಸೇಂಟ್ ಲೂಯಿಸ್‌ನಲ್ಲಿ ಹೆನ್ರಿ ಡಾಲ್ಟನ್ ಪೆರಿಕಾರ್ಡಿಯಂ ಹೊಲಿದಿದ್ದರು. ಅದರಿಂದ ವಿಲಿಯಮ್ಸ್ ಮಾಡಿದ ಕೆಲಸ ಒಂದಿಷ್ಟೂ ಚಿಕ್ಕದಾಗುವುದಿಲ್ಲ. ನಾನು ಕೇಳುವುದು ಬೇರೆ ಪ್ರಶ್ನೆ. ಮೂರು ವರ್ಷದ ಹಿಂದೆ ಆ ಆಸ್ಪತ್ರೆಯೇ ಇಲ್ಲದಿದ್ದಾಗ ಅದೇ ಚಾಕು ಬಿದ್ದಿದ್ದರೆ ಕಾರ್ನಿಶ್‌ನನ್ನು ಎಲ್ಲಿಗೆ ಹೊತ್ತುಕೊಂಡು ಹೋಗುತ್ತಿದ್ದರು?

ಆಮೇಲೆ ದಕ್ಷಿಣದ ರಾಜ್ಯಗಳಿಂದ ಕಪ್ಪು ಜನ ಗುಂಪುಗುಂಪಾಗಿ ಚಿಕಾಗೋಗೆ ಬಂದರು. 1910ರಲ್ಲಿ ಅಲ್ಲಿ ಸುಮಾರು 44,000 ಇದ್ದವರು 1930ರ ಹೊತ್ತಿಗೆ 2,30,000 ದಾಟಿದ್ದರು. ಅವರಲ್ಲಿ ಬಹುಪಾಲು ಜನ ನೆಲೆಸಿದ್ದು ಊರಿನ ದಕ್ಷಿಣ ಭಾಗವಾದ ಸೌತ್ ಸೈಡ್‌ನಲ್ಲೇ, ಅಂದರೆ ಪ್ರಾವಿಡೆಂಟ್ ಇದ್ದ ಕಡೆಯಲ್ಲೇ. 1919ರ ಜನಾಂಗ ಗಲಭೆಯಲ್ಲಿ 38 ಜನ ಸತ್ತರು. ಗಾಯಗೊಂಡವರನ್ನು ಸಾಲುಸಾಲಾಗಿ ತಂದಿದ್ದು ಇಲ್ಲಿಗೇ. 1933ರಲ್ಲಿ ಆಸ್ಪತ್ರೆ 51ನೇ ಬೀದಿಯ ದೊಡ್ಡ ಕಟ್ಟಡಕ್ಕೆ ಹೋಯಿತು, ಚಿಕಾಗೋ ವಿಶ್ವವಿದ್ಯಾಲಯದ ಜೊತೆ ಒಪ್ಪಂದವೂ ಆಯಿತು. ಆ ಒಪ್ಪಂದದಿಂದ ಒಳ್ಳೆಯದಾಗಿದ್ದು ಹೌದು. ಆದರೆ ಕಪ್ಪು ವಿದ್ಯಾರ್ಥಿಗಳ ತರಬೇತಿ ಪ್ರಾವಿಡೆಂಟ್‌ನಲ್ಲೇ ಮುಗಿಯಲಿ, ನಮ್ಮ ವಾರ್ಡುಗಳಿಗೆ ಬರುವುದು ಬೇಡ ಅನ್ನುವ ವಿಶ್ವವಿದ್ಯಾಲಯದ ಲೆಕ್ಕವೂ ಅದರ ಹಿಂದೆ ಇತ್ತು. ಇದನ್ನು ಓದಿದಾಗ ನನಗೆ ಸಿಟ್ಟು ಬರುತ್ತದೆ.

1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂತು. 1966ರಲ್ಲಿ ವಯಸ್ಸಾದವರಿಗೆ ಸರ್ಕಾರದ ಆರೋಗ್ಯ ವಿಮೆಯಾದ ಮೆಡಿಕೇರ್ ಜಾರಿಯಾಯಿತು. ಸರ್ಕಾರದ ದುಡ್ಡು ಬೇಕಿದ್ದರೆ ರೋಗಿಗಳಲ್ಲಿ ಬಣ್ಣದ ಭೇದ ಮಾಡುವಂತಿಲ್ಲ ಅಂತ ಆಯಿತು. ಅಷ್ಟು ವರ್ಷ ಒಳಗೆ ಬಿಡದ ಆಸ್ಪತ್ರೆಗಳು ಈಗ ಕಪ್ಪು ರೋಗಿಗಳನ್ನೂ ಡಾಕ್ಟರುಗಳನ್ನೂ ಸೇರಿಸಿಕೊಳ್ಳತೊಡಗಿದವು. ಇದು ಆಗಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ವಿಮೆ ಇದ್ದವರು, ಕೈಯಲ್ಲಿ ನಾಲ್ಕು ಕಾಸು ಇದ್ದವರು ಬೇರೆ ಕಡೆ ಹೋದರು. ಬಡವರು ಪ್ರಾವಿಡೆಂಟ್‌ಗೇ ಬರುತ್ತಿದ್ದರು. ಖರ್ಚು ಕಡಿಮೆಯಾಗಲಿಲ್ಲ, ಆದಾಯ ಮಾತ್ರ ಇಳಿಯುತ್ತಾ ಹೋಯಿತು. 1982ರಲ್ಲಿ ಸಾಲ ಮಾಡಿ ಹೊಸ ಕಟ್ಟಡ ಕಟ್ಟಿದರು. ಆ ಸಾಲವೇ ಕುತ್ತಿಗೆಗೆ ಬಂತು. ಐದೇ ವರ್ಷದಲ್ಲಿ ಆಸ್ಪತ್ರೆ ದಿವಾಳಿಯಾಯಿತು.

ಪ್ರಾವಿಡೆಂಟ್ ಒಂದಕ್ಕೇ ಹೀಗಾಗಿದ್ದಲ್ಲ. ಸೇಂಟ್ ಲೂಯಿಸ್‌ನಲ್ಲಿ ಕಪ್ಪು ಡಾಕ್ಟರುಗಳನ್ನು, ನರ್ಸ್‌ಗಳನ್ನು ತಯಾರು ಮಾಡುತ್ತಿದ್ದ ಹೋಮರ್ ಜಿ. ಫಿಲಿಪ್ಸ್ ಆಸ್ಪತ್ರೆಯನ್ನು ನಗರಾಡಳಿತ 1979ರ ಆಗಸ್ಟ್‌ನಲ್ಲಿ ಮುಚ್ಚಿತು. ಜನ ರಸ್ತೆಗಿಳಿದು ಬೇಡ ಅಂದರು. ಪೊಲೀಸರನ್ನು ನಿಲ್ಲಿಸಿ ಮುಚ್ಚಿದರು.

‘ಈಗ ಎಲ್ಲರಿಗೂ ಎಲ್ಲ ಆಸ್ಪತ್ರೆಗಳೂ ತೆರೆದಿವೆಯಲ್ಲ, ಮತ್ತೆ ಇದು ಯಾಕೆ’ ಅನ್ನುವ ವಾದ ಕೇಳಲು ಸರಿಯಾಗೇ ಕಾಣುತ್ತದೆ. ನಾನು ಒಪ್ಪುವುದಿಲ್ಲ. ಒಳಗೆ ಬಿಡುತ್ತಾರೆ ಅಂದ ಮಾತ್ರಕ್ಕೆ ಅಲ್ಲಿಗೆ ಹೋಗಿ ಮುಟ್ಟಲು ಆಗಬೇಕಲ್ಲ. ಬಸ್ಸು ಬದಲಾಯಿಸಿ ಹೋಗಬೇಕಾದ ಬಸುರಿಗೆ, ರಾತ್ರಿ ಉಸಿರು ಕಟ್ಟಿದ ಮಗುವಿಗೆ ಹತ್ತಿರ ಇರುವುದೇ ಆಸ್ಪತ್ರೆ. ತಮ್ಮ ಭಾಷೆ, ತಮ್ಮ ಕಷ್ಟ ಗೊತ್ತಿರುವ ನರ್ಸ್ ಅಲ್ಲಿದ್ದರೆ ಜನ ಕಾಯಿಲೆ ಬಲಿಯುವ ಮುಂಚೆಯೇ ಬರುತ್ತಾರೆ. ನಷ್ಟ ಎಷ್ಟು ಅಂತ ಲೆಕ್ಕ ಹಾಕಿದವರು ಇದನ್ನು ಯಾವ ಕಾಲಮ್ಮಿನಲ್ಲಿ ಬರೆದರು?

ಚಿಕಾಗೋ ಇರುವ ಕುಕ್ ಕೌಂಟಿಯ ಸರ್ಕಾರ ಪ್ರಾವಿಡೆಂಟನ್ನು ಕೊಂಡು 1993ರಲ್ಲಿ ಮತ್ತೆ ತೆರೆಯಿತು. ಒಳ್ಳೆಯ ಕೆಲಸ. ಆದರೆ ನಡುವಿನ ಆರು ವರ್ಷದಲ್ಲಿ ಅಲ್ಲಿನ ಡಾಕ್ಟರುಗಳು, ನರ್ಸ್‌ಗಳು ಚದುರಿ ಹೋಗಿದ್ದರು. 2011ರಲ್ಲಿ ಖರ್ಚು ಕಡಿತದ ಹೆಸರಿನಲ್ಲಿ ಆಂಬುಲೆನ್ಸ್‌ಗಳನ್ನು ಬರಮಾಡಿಕೊಳ್ಳುವುದನ್ನೂ ನಿಲ್ಲಿಸಿದರು.

ಅದಕ್ಕೂ ಒಂದು ವರ್ಷ ಮೊದಲು ಅದೇ ಸೌತ್ ಸೈಡ್‌ನಲ್ಲಿ ಹದಿನೆಂಟು ವರ್ಷದ ಹುಡುಗನಿಗೆ ಗುಂಡು ತಗುಲಿತು. ವಿಶ್ವವಿದ್ಯಾಲಯದ ಆಸ್ಪತ್ರೆ ಕೆಲವೇ ಬೀದಿ ಆಚೆಗಿತ್ತು. ಆದರೆ ಅದು 1988ರಲ್ಲೇ ವಯಸ್ಕರ ಟ್ರಾಮಾ ಕೇಂದ್ರವನ್ನು, ಅಂದರೆ ಗುಂಡೇಟು, ಅಪಘಾತದಂಥ ಭಾರೀ ಗಾಯಗಳಿಗೆ ತುರ್ತು ಚಿಕಿತ್ಸೆ ಕೊಡುವ ವಿಭಾಗವನ್ನು, ನಿಲ್ಲಿಸಿತ್ತು. ಹುಡುಗನನ್ನು ಹತ್ತಿರ ಹತ್ತಿರ 15 ಕಿಲೋಮೀಟರ್ ದೂರದ ಆಸ್ಪತ್ರೆಗೆ ಒಯ್ದರು. ಅವನು ಉಳಿಯಲಿಲ್ಲ. ಕಾರ್ನಿಶ್ ಬದುಕಿದ ಊರು ಇದೇ, ನಡುವೆ 117 ವರ್ಷ. ಆ ಹುಡುಗನ ಗೆಳೆಯರು ಟ್ರಾಮಾ ಕೇಂದ್ರ ಬೇಕು ಅಂತ ವರ್ಷಗಟ್ಟಲೆ ಧರಣಿ ಕೂತರು, ಅರೆಸ್ಟ್ ಆದರು. 2018ರ ಮೇ ತಿಂಗಳಲ್ಲಿ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲೇ ಅದು ತೆರೆಯಿತು. ಪ್ರಾವಿಡೆಂಟ್‌ನಿಂದ ನಡೆದುಕೊಂಡೇ ಹೋಗಬಹುದು, ಅಷ್ಟು ಹತ್ತಿರ.