ಪದ ಸುಲಭವಾದರೆ ಸಾಲದು
ಕಷ್ಟದ ಪದ ಬಿಟ್ಟರೆ ಸಂಶೋಧನೆ ಜನರಿಗೆ ತಲುಪುತ್ತದೆ ಎಂದು ಬರೆದಿದ್ದೀರಿ. ಅಷ್ಟೇ ಸಾಲದು ಸರ್. 1995ರಲ್ಲಿ ಬ್ರಿಟನ್ನಿನಲ್ಲಿ ಆಗಿದ್ದು ನೋಡಿ. ಕೆಲವು ಹೊಸ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ‘ಎರಡು ಪಟ್ಟು’ ಎಂದು ಸುದ್ದಿ ಬಂತು. ಇದರಲ್ಲಿ ಕಷ್ಟದ ಪದ ಒಂದೂ ಇಲ್ಲ, ಅಲ್ವಾ? ಸುಳ್ಳೂ ಅಲ್ಲ. ಆದರೆ ಲೆಕ್ಕ ಇಷ್ಟೇ: ಹಳೆಯ ಮಾತ್ರೆಯಲ್ಲಿ ಸುಮಾರು 7,000 ಹೆಂಗಸರಿಗೆ ಒಬ್ಬರು, ಹೊಸದರಲ್ಲಿ ಇಬ್ಬರು. ಗಾಬರಿಯಿಂದ ಎಷ್ಟೋ ಮಂದಿ ಮಾತ್ರೆಯನ್ನೇ ಬಿಟ್ಟರು, ಬೇಡದ ಬಸುರು ಹೆಚ್ಚಿತು. ಮರುವರ್ಷ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಸುಮಾರು 13,000 ಗರ್ಭಪಾತ ಜಾಸ್ತಿಯಾದವು ಎಂಬ ಅಂದಾಜಿದೆ. (ಬಸುರಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಿಂತ ಹೆಚ್ಚು, ಅದನ್ನು ಯಾರಿಗೆ ಹೇಳೋಣ!) ಈಗ ‘ಶೇ 50 ಹೆಚ್ಚಳ’ ಅಂತ ಕಂಡರೆ ಸಾಕು, ಎಷ್ಟು ಜನರಲ್ಲಿ ಎಷ್ಟು ಅಂತ ಮೊದಲು ಹುಡುಕುತ್ತೇನೆ. ಸಾಮಾನ್ಯವಾಗಿ ಸಿಗುವುದಿಲ್ಲ.