ಡಬ್ಬದೊಳಗೆ ಗಂಟು ಹಾಕೋಕ್ ಬರದಿದ್ರೆ ಸರ್ಜನ್ ಆಗೋ ಹಾಗಿಲ್ವಾ?

ಪರ

ಅಮೆರಿಕದಲ್ಲಿ ಜನರಲ್ ಸರ್ಜರಿ ಕಲಿಯೋರಿಗೆ ಎಫ್‌ಎಲ್‌ಎಸ್ ಅಂತ ಒಂದು ಟೆಸ್ಟ್ ಇದೆ, ಕೀಹೋಲ್ ಸರ್ಜರಿದು, ಅಂದ್ರೆ ಸಣ್ಣ ತೂತಲ್ಲಿ ಕ್ಯಾಮೆರಾ, ಇಕ್ಕಳ ಹಾಕಿ ಮಾಡೋ ಆಪರೇಷನ್ದು. ಮಾಡಿದ್ದು ಸರ್ಕಾರ ಅಲ್ಲ, ಯೂನಿವರ್ಸಿಟಿನೂ ಅಲ್ಲ, ಸೇಜಸ್ ಅನ್ನೋ ಸರ್ಜನ್‌ಗಳ ಸಂಘ. 2009-10ರಲ್ಲಿ ಟ್ರೈನಿಂಗ್ ಮುಗಿಸೋ ಬ್ಯಾಚಿಂದ ಸರ್ಜನ್‌ಗಳಿಗೆ ಸರ್ಟಿಫಿಕೇಟ್ ಕೊಡೋ ಅಮೆರಿಕನ್ ಬೋರ್ಡ್ ಆಫ್ ಸರ್ಜರಿ ಇದನ್ನ ಕಡ್ಡಾಯ ಮಾಡ್ತು, ಇದಿಲ್ದೆ ಬೋರ್ಡ್ ಎಕ್ಸಾಮಿಗೆ ಕೂರೋ ಹಾಗಿಲ್ಲ. ನನ್ ಕೇಳಿದ್ರೆ ಇದು ಬಂದಿದ್ದೇ ಲೇಟು.

ಯಾಕಂದ್ರೆ 1990ರ ಸುಮಾರಿಗೆ ಏನಾಯ್ತು ನೋಡಿ, ಪಿತ್ತಕೋಶನ ಸಣ್ಣ ತೂತಲ್ಲೇ ತೆಗೀಬಹುದು ಅಂತ ಗೊತ್ತಾಗಿ ಪೇಷೆಂಟ್‌ಗಳೇ ಅದೇ ಬೇಕು ಅನ್ನೋಕೆ ಶುರು ಮಾಡಿದ್ರು, ವರ್ಷಗಟ್ಟಲೆ ಹೊಟ್ಟೆ ಕುಯ್ದು ರೂಢಿ ಆಗಿದ್ದ ಡಾಕ್ಟ್ರುಗಳು ಶನಿವಾರ ಭಾನುವಾರ ವರ್ಕ್‌ಶಾಪಿಗೆ ಹೋಗಿ ಹಂದಿ ಮೇಲೆ ಒಂದೆರಡು ಮಾಡಿ ಬಂದು ಸೀದಾ ಮನುಷ್ಯರಿಗೆ ಕೈ ಹಾಕಿದ್ರು, ಪಿತ್ತನಾಳಕ್ಕೆ (ಲಿವರಿಂದ ಪಿತ್ತ ಸಾಗಿಸೋ ಕೊಳವೆ) ಏಟು ಬೀಳೋದು ಜಾಸ್ತಿ ಆಯ್ತು, ಕೊನೆಗೆ 1992ರಲ್ಲಿ ನ್ಯೂಯಾರ್ಕ್ ರಾಜ್ಯನೇ ಮಧ್ಯೆ ಬಂದು ಪಳಗಿದವರ ಎದುರು 15 ಕೇಸ್ ಮಾಡಿ ಆಮೇಲೆ ಒಬ್ಬರೇ ಮಾಡಿ ಅಂತ ಹೇಳ್ಬೇಕಾಯ್ತು.

ಟೆಸ್ಟ್ ಹೇಗಿದೆ ಅಂದ್ರೆ ಒಂದು ಡಬ್ಬ, ಒಳಗೆ ಕ್ಯಾಮೆರಾ, ಎರಡು ಉದ್ದನೆ ಇಕ್ಕಳ, ಐದು ಕೆಲಸ. ಗೂಟದಿಂದ ಗೂಟಕ್ಕೆ ಆರು ತುಂಡು ಎತ್ತಿಡೋದಕ್ಕೆ 300 ಸೆಕೆಂಡು, ಗಾಜ್ ಬಟ್ಟೇಲಿ ವೃತ್ತ ಕತ್ತರಿಸ್ಬೇಕು, ಹೊಲಿಗೆ ಹಾಕಿ ಒಳಗೇ ಗಂಟು ಕಟ್ಬೇಕು. ಈ ಕೆಲಸಗಳು, ಅಂಕ ಹಾಕೋ ಲೆಕ್ಕಾಚಾರ ಹುಟ್ಟಿದ್ದು ಮಾಂಟ್ರಿಯಲ್‌ನ ಮೆಕ್‌ಗಿಲ್ ಯೂನಿವರ್ಸಿಟೀಲಿ, ಅದನ್ನ ಟೆಸ್ಟ್ ಮಾಡಿದ್ದು ಸೇಜಸ್. ರಟ್ಟಿನ ಡಬ್ಬ, ವೆಬ್‌ಕ್ಯಾಮ್ ಇಟ್ಕೊಂಡು ಮನೇಲೇ ಪ್ರಾಕ್ಟೀಸ್ ಮಾಡೋರೂ ಇದಾರೆ. ಮೊದಲ ನೂರು ಗಂಟು ಪೇಷೆಂಟ್ ಹೊಟ್ಟೇಲಿ ತಪ್ಪೋದಕ್ಕಿಂತ ಡಬ್ಬದಲ್ಲಿ ತಪ್ಪಲಿ ಬಿಡಿ.

ವಿರೋಧ

ಪಿತ್ತನಾಳದ ಕಥೆ ಹೇಳಿದ್ರಲ್ಲ, ಅಲ್ಲೇ ನನ್ ತಕರಾರು. ಆ ನಾಳ ಕತ್ತರಿಸಿ ಹೋಗೋದು ಹೆಚ್ಚಾಗಿ ಕೈ ನಡುಗಿ ಅಲ್ಲ, ಕಣ್ಣು ಮೋಸ ಹೋಗಿ. ದೊಡ್ಡ ನಾಳನೇ ಪಿತ್ತಕೋಶದ ಸಣ್ಣ ನಾಳ ಅಂದ್ಕೊಂಡು ನೀಟಾಗಿ ಕ್ಲಿಪ್ ಹಾಕಿ ನೀಟಾಗಿ ಕತ್ತರಿಸ್ತಾರೆ, ಕೈಚಳಕದಲ್ಲಿ ಏನೂ ಕಮ್ಮಿ ಇರಲ್ಲ. ಇದಕ್ಕೆ ಮದ್ದು ಅಂದ್ರೆ 1995ರಲ್ಲಿ ಸ್ಟ್ರಾಸ್‌ಬರ್ಗ್ ಅನ್ನೋ ಸರ್ಜನ್ ಮತ್ತೆ ಜೊತೆಯವರು ಬರೆದಿದ್ದು: ಕೊಬ್ಬೆಲ್ಲ ಬಿಡಿಸಿ, ಪಿತ್ತಕೋಶಕ್ಕೆ ಎರಡೇ ಎರಡು ಎಳೆ (ಒಂದು ಅದರ ನಾಳ, ಇನ್ನೊಂದು ರಕ್ತನಾಳ) ಹೋಗ್ತಿದೆ ಅಂತ ಕಣ್ಣಾರೆ ಕಾಣೋವರೆಗೂ ಏನೂ ಕತ್ತರಿಸಬೇಡಿ. ಡಬ್ಬದಲ್ಲಿ ಕೊಬ್ಬೂ ಇಲ್ಲ, ಊತನೂ ಇಲ್ಲ, ರಕ್ತನೂ ಇಲ್ಲ, ನಿಲ್ಸಿ ಹೊಟ್ಟೆ ತೆರೆಯೋಣ ಅಂತ ಯೋಚ್ನೆ ಮಾಡೋ ಕ್ಷಣನೂ ಇಲ್ಲ. ಎಫ್‌ಎಲ್‌ಎಸ್‌ನಲ್ಲಿ ಡಬ್ಬದ ಜೊತೆ ಲಿಖಿತ ಪರೀಕ್ಷೆನೂ ಇದೆ ಅಂತ ನೀವು ಹೇಳಬಹುದು, ಇದೆ, ಆದ್ರೆ ಸರಿ ಉತ್ತರ ಟಿಕ್ ಮಾಡೋದು ಬೇರೆ, ಆಪರೇಷನ್ ಥಿಯೇಟರಲ್ಲಿ ಕೈ ತಡೆಯೋದು ಬೇರೆ.

ಇನ್ನೊಂದು. ಪಾಠ ಬರೆಯೋರೂ ಸಂಘದವರೇ, ಟೆಸ್ಟ್ ಮಾಡೋರೂ ಅವರೇ, ಫೀಸೂ ಅವರ ಕಡೆಗೇ, ಅದೂ ನೂರಾರು ಡಾಲರ್. ಒಂದ್ಸಲ ಕಡ್ಡಾಯ ಆದ್ಮೇಲೆ ಕಿತ್ತು ಹಾಕೋದು ಯಾರು? ಸರ್ಜರಿ ರೋಬೋಟ್ ಕಡೆ ಹೊರಳಿದೆ, ಆದ್ರೆ ಡಬ್ಬದ ಲೆಕ್ಕಾಚಾರ 1990ರ ದಶಕದ್ದೇ.

ಸಂಘ ಕಲಿಸಲೇಬಾರದು ಅಂತ ನಾನ್ ಹೇಳ್ತಿಲ್ಲ. ನಮ್ಮಲ್ಲಿ ಕೀಹೋಲ್ ಸರ್ಜನ್‌ಗಳ ಅಮಾಸಿ ಸಂಘ ಎಫ್‌ಎಂಎಎಸ್ ಅಂತ ಕೆಲವೇ ದಿನದ ಕೋರ್ಸು, ಪರೀಕ್ಷೆ ನಡೆಸುತ್ತೆ, ಬೇಕಾದೋರು ತಗೋತಾರೆ, ಅಷ್ಟು ಸಾಕು. ಅಮೆರಿಕದ ಬೋರ್ಡೇ 2023ರಿಂದ ಇಪಿಎ ಅಂತ ಶುರು ಮಾಡಿದೆ, ಆಪರೇಷನ್ ಮುಗೀತಿದ್ದ ಹಾಗೆ ಪಕ್ಕದಲ್ಲಿ ನಿಂತಿದ್ದ ಸೀನಿಯರ್ರೇ ಕಲಿಯೋ ಡಾಕ್ಟ್ರನ್ನ ಎಷ್ಟರ ಮಟ್ಟಿಗೆ ನಂಬಿ ಬಿಡಬಹುದು ಅಂತ ಫೋನಲ್ಲೇ ಗುರುತು ಹಾಕ್ತಾರೆ. ಸೀನಿಯರ್‌ಗಳೂ ಪಕ್ಷಪಾತ ಮಾಡ್ತಾರೆ, ಗೊತ್ತು. ಆದ್ರೂ ಅವರು ನೋಡಿರೋದು ನಿಜವಾದ ಹೊಟ್ಟೆ.